ಎಸ್. ಎಂ. ಪಂಡಿತರು ಮತ್ತು ಕಲಾವಿದರ ಚರಿತ್ರೆಯನ್ನು ಬರೆಯುವ ರೂಢಿ

ಆಧುನಿಕ ಭಾರತೀಯ ಕಲಾವಿದರ ಜೀವನಚರಿತ್ರೆಗಳನ್ನು ಒಂದರ ಮೇಲೊಂದರಂತೆ ಓದಿದವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಕಲಾವಿದರು ಬೇರೆ, ಅವರು ಹುಟ್ಟಿದ ನಾಡುಗಳು ಬೇರೆ. ಆದರೆ ಕಥೆ ಬಹುಮಟ್ಟಿಗೆ ಒಂದೇ. ಬಾಲ್ಯದಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಚಿತ್ರಗಳು, ಬಡತನ, ಮಹಾನಗರಕ್ಕೆ ಪ್ರಯಾಣ, ಹೊಟ್ಟೆಪಾಡಿಗಾಗಿ ಮಾಡಿದ ಏನೋ ಒಂದು ಕೆಲಸ, ಬಳಿಕ ಪರದೇಶದ ದರ್ಶನ, ಸ್ವಂತ ಶೈಲಿಯ ಪ್ರಾಪ್ತಿ, ಕೊನೆಗೆ ಮನ್ನಣೆ. ಈ ಕಥೆಯಲ್ಲಿ ಹೊಟ್ಟೆಪಾಡಿನ ಕೆಲಸಕ್ಕೆ ಎರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಳ ಸಿಕ್ಕುವುದಿಲ್ಲ. ಎಂ. ಎಫ್. ಹುಸೇನರು ಮುಂಬಯಿಯಲ್ಲಿ ಸಿನಿಮಾ ಫಲಕಗಳನ್ನು ಬರೆದು ಜೀವಿಸುತ್ತಿದ್ದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ 1947ರ ಪ್ರಗತಿಶೀಲ ಕಲಾವಿದರ ಸಂಘದವರೆಗೆ ಬೇಗನೆ ತಲುಪುವ ಆತುರದಲ್ಲಿ ಆ ಫಲಕಗಳನ್ನು ಯಾರೂ ನಿಂತು ನೋಡುವುದಿಲ್ಲ. ಅವು ಏರಿಬಂದ ಮೆಟ್ಟಿಲುಗಳು. ಮೇಲೆ ಬಂದ ಮೇಲೆ ಅವುಗಳ ಗೊಡವೆ ಯಾರಿಗೂ ಬೇಡ.

ಹೀಗಿರಲು, ಆ ಮೆಟ್ಟಿಲಿನ ಮೇಲೆಯೇ ತನ್ನ ಮನೆಯನ್ನು ಕಟ್ಟಿಕೊಂಡ ಕಲಾವಿದನ ಚರಿತ್ರೆಯನ್ನು ಬರೆಯುವುದು ಹೇಗೆ? ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೀರ್ತಿಯನ್ನು ಪಡೆದ ಸಾಂಬಾನಂದ ಮೋನಪ್ಪ ಪಂಡಿತರ (1916–1993) ವಿಷಯದಲ್ಲಿ ಈ ಪ್ರಶ್ನೆ ಅನಿವಾರ್ಯವಾಗಿ ಎದುರಾಗುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅವರ ಚಿತ್ರಗಳನ್ನು ಕಂಡಷ್ಟು ಜನ ಕನ್ನಡ ನಾಡಿನ ಇನ್ನಾವ ಚಿತ್ರಕಾರನ ಕೃತಿಗಳನ್ನೂ ಕಂಡಿರಲಾರರು. ಆದರೂ ನಮ್ಮ ಕಾಲೇಜುಗಳಲ್ಲಿ ಆಧುನಿಕ ಕಲೆಯ ಇತಿಹಾಸವನ್ನು ಹೇಳುವಾಗ ಅವರ ಹೆಸರು ಬರುವುದಿಲ್ಲ. ಬಂದರೂ ಪ್ರಾದೇಶಿಕ ಅಭಿಮಾನದ ಒಂದು ವಾಕ್ಯವಾಗಿ ಬಂದು ಹೋಗುತ್ತದೆ. ನಾವೂ ಹಲವು ವರ್ಷ ಹಾಗೆಯೇ ಪಾಠ ಹೇಳಿದವರೇ. ಈ ಲೋಪದ ಕಾರಣವೇನು, ಅದನ್ನು ತುಂಬಲು ಯಾವ ಬಗೆಯ ಆಧಾರಗಳು ಬೇಕು, ಮತ್ತು ಅಭಿಮಾನವನ್ನು ಬದಿಗಿಟ್ಟು ನೋಡಿದಾಗ ಪಂಡಿತರ ಕಲೆಯ ನಿಜವಾದ ಬೆಲೆ ಎಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಪಂಡಿತರು ಹುಟ್ಟಿದಾಗ ಕಲಬುರಗಿ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ತಂದೆಯ ಹೆಸರು ಮೋನಪ್ಪ. ತಿಂಥಣಿಯ ಮೌನೇಶ್ವರನನ್ನು ನೆನಪಿಗೆ ತರುವ ಈ ಹೆಸರು ನಮ್ಮ ಭಾಗದ ಕುಶಲಕರ್ಮಿಗಳ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ಈ ಸೀಮೆಗೆ ಚಿತ್ರಕಲೆ ಹೊಸದೇನೂ ಆಗಿರಲಿಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಸಂಪ್ರದಾಯ ಇಲ್ಲಿಂದ ದೂರದಲ್ಲಿರಲಿಲ್ಲ; ಆದರೆ 1858ರ ದಂಗೆಯೊಂದಿಗೆ ಆ ಅರಸೊತ್ತಿಗೆ ಬಿದ್ದುಹೋದ ಮೇಲೆ ಚಿತ್ರಕಾರನಿಗೆ ಕೂಲಿ ಕೊಡುವ ಕೈ ಇಲ್ಲವಾಯಿತು. ಮೈಸೂರು ಸಂಸ್ಥಾನದಲ್ಲಿ ಅರಮನೆಯಿತ್ತು, ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಿತ್ತು. ಕಲಬುರಗಿಯ ಹುಡುಗನಿಗೆ ಇದ್ದದ್ದು ರೈಲುದಾರಿ. ಮುಂಬಯಿಯಿಂದ ರಾಯಚೂರಿನವರೆಗೆ 1871ರಲ್ಲಿ ಪೂರ್ಣಗೊಂಡ ಈ ದಾರಿ ಕಲಬುರಗಿಯ ಕಲಾಸಕ್ತ ಯುವಕರನ್ನು ಮೈಸೂರಿನ ಕಡೆಗೂ ಅಲ್ಲ, ರಾಜಧಾನಿಯಾದ ಹೈದರಾಬಾದಿನ ಕಡೆಗೂ ಅಲ್ಲ, ಮುಂಬಯಿಯ ಕಡೆಗೆ ಎಳೆಯಿತು. ನಮ್ಮ ಭಾಗದ ಕಲೆಯ ಭೂಗೋಳವನ್ನು ಅರಿಯಬೇಕಾದರೆ ಆಡಳಿತದ ಗಡಿಗಳಿಗಿಂತ ಈ ಒಂದು ಗೆರೆಯೇ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ.

ಊರಿನಲ್ಲಿ ಅವರಿಗೆ ಮೊದಲ ಪಾಠಗಳನ್ನು ಹೇಳಿಕೊಟ್ಟವರು ಶಂಕರರಾವ್ ಆಳಂದಕರ್. ಹೆಸರೇ ಆಳಂದವನ್ನು ಹೇಳುತ್ತದೆ. ಇಂಥ ಡ್ರಾಯಿಂಗ್ ಮಾಸ್ತರರ ವಿಷಯದಲ್ಲಿ ನಮ್ಮ ಚರಿತ್ರಕಾರರು ತೋರಿಸಿರುವ ಅನಾದರ ಬೇರೆಯೇ ಒಂದು ಲೇಖನಕ್ಕೆ ವಸ್ತುವಾದೀತು. ಇಲ್ಲಿ ಅಷ್ಟೇ ಹೇಳಿ ಮುಂದುವರಿಯುತ್ತೇವೆ.

ಮುಂಬಯಿಯಲ್ಲಿ ಪಂಡಿತರು ಸೇರಿದ್ದು ದಂಡಾವತಿಮಠರ ನೂತನ ಕಲಾಮಂದಿರವನ್ನು. ದಂಡಾವತಿಮಠರು ಕನ್ನಡಿಗರು; ಸರ್ ಜೆ. ಜೆ. ಕಲಾಶಾಲೆಗೆ ಹೋಗಬಯಸುವ ಅನೇಕರಿಗೆ ಅವರ ಮಂದಿರ ಹೆಬ್ಬಾಗಿಲಿನಂತಿತ್ತು. ಇದೇ ಮಂದಿರದಲ್ಲಿ ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಕೆ. ಕೃಷ್ಣ ಹೆಬ್ಬಾರರೂ (1911–1996) ಕಲಿತರು. ಇಬ್ಬರೂ ಅಲ್ಲಿಂದ ಜೆ. ಜೆ. ಕಲಾಶಾಲೆಗೆ ಹೋದರು. ಒಂದೇ ಭಾಷೆ, ಒಂದೇ ಗುರು, ಒಂದೇ ಶಾಲೆ, ಹೆಚ್ಚುಕಡಿಮೆ ಒಂದೇ ದಶಕ. ಹೆಬ್ಬಾರರು 1938ರಲ್ಲಿ ಡಿಪ್ಲೊಮಾ ಪಡೆದರು, ಅದೇ ಶಾಲೆಯಲ್ಲಿ ಅಧ್ಯಾಪಕರಾದರು, 1949–50ರಲ್ಲಿ ಪ್ಯಾರಿಸಿನ ಅಕಾದೆಮಿ ಜೂಲಿಯನ್ನಿನಲ್ಲಿ ಅಭ್ಯಾಸ ಮಾಡಿದರು, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವಗಳಿಗೆ ಪಾತ್ರರಾದರು. ನಾವು ಆರಂಭದಲ್ಲಿ ಹೇಳಿದ ಆ ಒಂದೇ ಕಥೆಗೆ ಅವರ ಬಾಳು ಸುಲಭವಾಗಿ ಹೊಂದಿಕೊಳ್ಳುತ್ತದೆ. ಹೆಬ್ಬಾರರ ರೇಖೆಯ ಸೊಗಸನ್ನು ಬಲ್ಲ ಯಾರೂ ಅವರಿಗೆ ದೊರೆತ ಮನ್ನಣೆಯನ್ನು ಪ್ರಶ್ನಿಸಲಾರರು. ನಮ್ಮ ಪ್ರಶ್ನೆ ಬೇರೆ. ಇಬ್ಬರೂ ಮುಂಬಯಿಯಲ್ಲಿಯೇ ದುಡಿದರು. ಒಬ್ಬರ ಕೃತಿಗಳು ಗ್ಯಾಲರಿಗೆ ಹೋದವು, ಇನ್ನೊಬ್ಬರ ಕೃತಿಗಳು ಅಚ್ಚುಕೂಟಕ್ಕೆ ಹೋದವು. ಗ್ಯಾಲರಿ ದಾಖಲೆಗಳನ್ನು ಇಡುತ್ತದೆ: ಪ್ರದರ್ಶನದ ಪಟ್ಟಿ, ವರ್ಷ, ಕೊಂಡವನ ಹೆಸರು, ಪತ್ರಿಕೆಯ ವಿಮರ್ಶೆ. ಅಚ್ಚುಕೂಟ ಇಡುವ ದಾಖಲೆಯೆಂದರೆ ಲೆಕ್ಕದ ಪುಸ್ತಕ. ಅದನ್ನೂ ಕೆಲವು ವರ್ಷಗಳ ಮೇಲೆ ರದ್ದಿಗೆ ಹಾಕುತ್ತದೆ. ಇತಿಹಾಸಕಾರನು ದಾಖಲೆಯಿದ್ದ ಕಡೆಗೆ ನಡೆಯುತ್ತಾನೆ. ಆಮೇಲೆ ತಾನು ಹೋದ ಕಡೆಯಲ್ಲಿಯೇ ಕಲೆಯಿತ್ತೆಂದು ಬರೆಯುತ್ತಾನೆ.

ಪಂಡಿತರ ವೃತ್ತಿಜೀವನದ ಆರಂಭವನ್ನು ಕೊಂಚ ವಿಸ್ತಾರವಾಗಿ ನೋಡುವುದು ಅವಶ್ಯ. ಅಮೆರಿಕದ ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಕಂಪನಿ 1938ರಲ್ಲಿ ಮುಂಬಯಿಯಲ್ಲಿ ಮೆಟ್ರೋ ಚಿತ್ರಮಂದಿರವನ್ನು ತೆರೆಯಿತು. ಆ ಕಂಪನಿಯ ಚಿತ್ರಗಳಿಗೆ ಷೋಕಾರ್ಡುಗಳನ್ನು ಬರೆಯುವ ಕೆಲಸದಲ್ಲಿ ಪಂಡಿತರು ಹೆಸರು ಗಳಿಸಿದರು. ಬಾಬುರಾವ್ ಪಟೇಲರು 1935ರಲ್ಲಿ ಆರಂಭಿಸಿದ 'ಫಿಲ್ಮ್ ಇಂಡಿಯಾ' ಪತ್ರಿಕೆಯ ಹೊದಿಕೆಯ ಚಿತ್ರಗಳಿಂದ ಆ ಹೆಸರು ದೇಶದಲ್ಲೆಲ್ಲ ಹರಡಿತು. ಈ ಕೆಲಸಕ್ಕೆ ಅವರು ಬಳಸಿದ್ದು ಪೋಸ್ಟರ್ ಬಣ್ಣ. ಇದು ಬೇಗ ಒಣಗುತ್ತದೆ, ಕೆಳಗಿನ ಪದರವನ್ನು ಪೂರ್ತಿಯಾಗಿ ಮುಚ್ಚುತ್ತದೆ, ತೈಲವರ್ಣದ ಹೊಳಪು ಇದಕ್ಕಿಲ್ಲ. ಹೊಳಪಿಲ್ಲದ ಕಾರಣ ಅಚ್ಚಿನ ಕ್ಯಾಮರಾದ ಮುಂದೆ ಇಟ್ಟಾಗ ಬೆಳಕು ತಿರುಗಿ ಹೊಡೆಯುವುದಿಲ್ಲ. ಆದುದರಿಂದಲೇ ಮುದ್ರಣಕ್ಕಾಗಿ ಬರೆಯುವವರು ಇದನ್ನು ಮೆಚ್ಚುತ್ತಿದ್ದರು. ಚಿತ್ರವನ್ನು ನಾಲ್ಕು ಬಣ್ಣಗಳಾಗಿ ಬೇರ್ಪಡಿಸಿ ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವಾಗ ನಡುವಣ ನಸುಛಾಯೆಗಳು ಬಹಳಷ್ಟು ನಷ್ಟವಾಗುತ್ತವೆ. ಉಳಿಯುವುದು ಗಾಢವಾದ ನೆರಳು ಮತ್ತು ಪ್ರಖರವಾದ ಬೆಳಕು. ಪಂಡಿತರ ಚಿತ್ರಗಳಲ್ಲಿ ಒಂದು ಬದಿಯಿಂದ ಬೀಳುವ ಬಲವಾದ ಬೆಳಕು, ಕೆನ್ನೆಯ ಅಂಚಿನಲ್ಲಿ ಹೊಳೆಯುವ ತೆಳು ಗೆರೆ, ಕಪ್ಪು ಮೋಡದ ಮುಂದೆ ನಿಂತ ಬೆಳ್ಳನೆಯ ದೇಹ ಇವನ್ನೆಲ್ಲ ಕಂಡು 'ಇದು ಸಿನಿಮಾದ ಆಡಂಬರ' ಎಂದು ಮೂಗು ಮುರಿಯುವವರು ಈ ಕಾರಣವನ್ನೂ ಗಣನೆಗೆ ತೆಗೆದುಕೊಳ್ಳತಕ್ಕದ್ದು. ಸಿನಿಮಾದ ದೀಪವ್ಯವಸ್ಥೆಯಿಂದ ಅವರು ಕಲಿತದ್ದು ನಿಜ. ಆದರೆ ಅಚ್ಚಿನ ಯಂತ್ರ ಯಾವುದನ್ನು ಉಳಿಸುತ್ತದೆ, ಯಾವುದನ್ನು ನುಂಗುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಿ ಕುಂಚವನ್ನು ಹಿಡಿಯುವ ಜಾಣ್ಮೆಯೂ ಅದರಲ್ಲಿದೆ. ತಾಮ್ರದ ಹಾಳೆಯ ಗುಣವನ್ನರಿತು ಸುತ್ತಿಗೆ ಎತ್ತುವವನ ಜಾಣ್ಮೆಗೆ ಇದು ಸಮೀಪವಾದುದು.

ಸಿನಿಮಾದಿಂದ ಪುರಾಣಕ್ಕೆ, ಷೋಕಾರ್ಡಿನಿಂದ ಕ್ಯಾಲೆಂಡರಿಗೆ ಅವರು ದಾಟಿದಾಗ ಈ ಭಾಷೆಯನ್ನೆಲ್ಲ ಕೂಡಿಯೇ ಒಯ್ದರು. ರಾಮಾಯಣ, ಮಹಾಭಾರತ, ಶಿವಪುರಾಣಗಳ ಸನ್ನಿವೇಶಗಳು ಅವರ ಕುಂಚದಿಂದ ಹೊರಟು ದೇಶದ ಗೋಡೆಗಳನ್ನು ಸೇರಿದವು. ಈ ಸೇರುವ ಕ್ರಮ ವಿಚಾರಯೋಗ್ಯವಾದದ್ದು. ಪ್ರಕಾಶಕನು ಮೂಲಚಿತ್ರವನ್ನು ಹಕ್ಕುಸಮೇತ ಕೊಳ್ಳುತ್ತಾನೆ. ಕೆಳಗಡೆ ಖಾಲಿ ಜಾಗವನ್ನು ಬಿಟ್ಟು ಸಾವಿರಗಟ್ಟಲೆ ಹಾಳೆಗಳನ್ನು ಅಚ್ಚು ಹಾಕಿಸುತ್ತಾನೆ. ಊರೂರಿನ ವರ್ತಕರು ಮಾದರಿಗಳನ್ನು ನೋಡಿ ತಮಗೆ ಬೇಕಾದ ದೇವರನ್ನು ಆರಿಸಿಕೊಳ್ಳುತ್ತಾರೆ. ಖಾಲಿ ಜಾಗದಲ್ಲಿ ಅವರ ಅಂಗಡಿಯ ಹೆಸರು ಅಚ್ಚಾಗುತ್ತದೆ, ಅದರ ಕೆಳಗೆ ತಿಂಗಳುಗಳ ಹಾಳೆ ಸೇರುತ್ತದೆ, ಮೇಲೂ ಕೆಳಗೂ ತಗಡಿನ ಪಟ್ಟಿ. ದೀಪಾವಳಿಯ ಹೊತ್ತಿಗೋ ಹೊಸ ವರ್ಷಕ್ಕೋ ಅದು ಗಿರಾಕಿಯ ಕೈಸೇರುತ್ತದೆ. ಕಲಬುರಗಿ ಸೀಮೆಯಲ್ಲಿ ತೊಗರಿಯ ಚೀಲವನ್ನು ಅಡತಿ ಅಂಗಡಿಗೆ ಹಾಕಿ ಹಿಂದಿರುಗುವ ರೈತನು ಪಟ್ಟಿಯ ಜೊತೆಗೆ ಸುರುಳಿ ಸುತ್ತಿದ ಒಂದು ಕ್ಯಾಲೆಂಡರನ್ನೂ ಊರಿಗೆ ತರುತ್ತಿದ್ದನು. ಅರಸನು ಹೋದ ಮೇಲೆ ಚಿತ್ರಕಾರನಿಗೆ ಹೊಸ ಆಶ್ರಯದಾತನಾಗಿ ಬಂದವನು ಈ ವರ್ತಕ. ಮತ್ತು ಈ ಆಶ್ರಯದಾತನು ಅರಸನಂತೆ ಚಿತ್ರವನ್ನು ಅರಮನೆಯ ಒಳಗೆ ಇಟ್ಟುಕೊಳ್ಳದೆ ಬಿಟ್ಟಿಯಾಗಿ ಹಂಚಿದನು.

ಇಂಥ ಒಂದು ಹಾಳೆಯ ಗತಿಯನ್ನು ನಾವು ಪ್ರತ್ಯಕ್ಷವಾಗಿ ಕಂಡದ್ದು ಅಂದೋಲಾದಲ್ಲಿ. ಜೇವರ್ಗಿ ತಾಲ್ಲೂಕಿನ ಈ ಊರು ನಿಜಾಮರ ಕಾಲದಲ್ಲಿ ತಾಲ್ಲೂಕಿಗೇ ತನ್ನ ಹೆಸರನ್ನು ಕೊಟ್ಟಿತ್ತು. ಶಾಸನಗಳನ್ನು ನೋಡುವ ಉದ್ದೇಶದಿಂದ ವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋದಾಗ ಒಂದು ಮನೆಯ ಪಡಸಾಲೆಯಲ್ಲಿ ನೀರು ಕುಡಿಯಲು ಕುಳಿತೆವು. ಎದುರಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಚಿತ್ರವಿತ್ತು: ಗಂಗಾವತರಣ. ಅಗಲವಾದ ಎದೆಯ, ಕಾಲನ್ನು ಊರಿ ನಿಂತ ಶಿವ. ಮೇಲಿನಿಂದ ಓರೆಯಾಗಿ ಇಳಿಯುವ ನೀರು. ಹಿಂದೆ ಕಡುನೀಲಿ ಮೋಡ. ಭುಜದ ಅಂಚಿಗೆ ಬೆಳಕಿನ ಗೆರೆ. ಪಂಡಿತರ ಕೈಯೇ ಇರಬೇಕೆಂದು ನಮಗೆ ಥಟ್ಟನೆ ಅನ್ನಿಸಿತು. ಆದರೆ ಅವರನ್ನು ಅನುಕರಿಸಿದವರು ಲೆಕ್ಕವಿಲ್ಲದಷ್ಟು ಮಂದಿ. ರುಜುವಿಗಾಗಿ ಹುಡುಕಿದೆವು. ಕಟ್ಟಿನ ಪಟ್ಟಿ ಚಿತ್ರದ ಕೆಳಗಿನ ಅಂಚನ್ನು ಮುಚ್ಚಿತ್ತು. ಮನೆಯ ಹಿರಿಯ ಹೆಂಗಸನ್ನು ಕೇಳಿದಾಗ, “ಅಡತಿ ಅಂಗಡಿಯವರು ಕೊಟ್ಟದ್ದರಿ ಸರ. ನಮ್ಮತ್ತಿಯವರು ಶರಣಬಸಪ್ಪನ ಜಾತ್ರಿಗಿ ಹೋದಾಗ ಕಟ್ಟು ಹಾಕಿಸ್ಕೊಂಡು ಬಂದಿದ್ರು” ಎಂದರು. ಹಿಂದಿನ ಹಲಗೆಯನ್ನು ಸ್ವಲ್ಪ ಸಡಿಲಿಸಿ ನೋಡಬಹುದೆ ಎಂದು ವಿನಂತಿಸಿಕೊಂಡೆವು. “ದಿನಾ ಪೂಜಿ ಮಾಡ್ತೀವ್ರಿ, ಬಿಚ್ಚಬ್ಯಾಡ್ರಿ” ಎಂದು ಅವರು ಹೇಳಿದರು. ಆ ಮಾತಿಗೆ ಎದುರಾಡುವ ಅಧಿಕಾರ ನಮಗಿರಲಿಲ್ಲ.

ಮರಳಿ ಬರುವಾಗ ನಾವು ವಿಚಾರಮಾಡಿದ್ದು ಇದನ್ನೇ. ಇತಿಹಾಸಕಾರನಿಗೆ ಬೇಕಾದವು ಮೂರು: ಯಾರು ಬರೆದದ್ದು, ಯಾವ ವರ್ಷದ್ದು, ಯಾರು ಮಾಡಿಸಿದ್ದು. ಕ್ಯಾಲೆಂಡರಿನಲ್ಲಿ ಈ ಮೂರೂ ಇರುತ್ತವೆ; ರುಜು ಮೂಲೆಯಲ್ಲಿ, ವರ್ಷ ತಿಂಗಳುಗಳ ಹಾಳೆಯಲ್ಲಿ, ವರ್ತಕನ ಹೆಸರು ನಡುವಣ ಪಟ್ಟಿಯಲ್ಲಿ. ಶಾಸನತಜ್ಞರಿಗೆ ಇಷ್ಟು ದೊರೆತರೆ ಹಬ್ಬ. ಆದರೆ ಚಿತ್ರ ಮನಸ್ಸಿಗೆ ಬಂದು ಮನೆಯವರು ಅದಕ್ಕೆ ಕಟ್ಟು ಹಾಕಿಸಿದಾಗ ಈ ಮೂರನ್ನೂ ಕತ್ತರಿಸುತ್ತಾರೆ ಅಥವಾ ಮಡಚುತ್ತಾರೆ. ಮನಸ್ಸಿಗೆ ಬಾರದ ಚಿತ್ರ ವರ್ಷಾಂತ್ಯದಲ್ಲಿ ಗೋಡೆಯಿಂದಿಳಿದು ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗುತ್ತದೆ. ಮೆಚ್ಚಿದರೂ ನಾಶ, ಮೆಚ್ಚದಿದ್ದರೂ ನಾಶ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪದ ಮೇಲೆ 'ರಾಯ ಅಶೋಕ' ಎಂದು ಬರೆದ ಅಕ್ಷರಗಳು ಎರಡು ಸಾವಿರ ವರ್ಷಗಳಷ್ಟು ಕಾಲ ಉಳಿದುಬಂದವು. ಭೀಮೆಯ ಈಚೆಗೆ, ಇಪ್ಪತ್ತನೆಯ ಶತಮಾನದ ಒಂದು ಚಿತ್ರದ ಕರ್ತೃವನ್ನು ನಾವು ಹೇಳಲಾರದವರಾಗಿದ್ದೇವೆ.

ಇನ್ನು ಕಲೆಯ ಬೆಲೆಯ ಪ್ರಶ್ನೆ. 'ಕ್ಯಾಲೆಂಡರ್ ಕಲೆ' ಎಂಬ ಮಾತು ನಿಂದೆಯಾಗಿ ಬಳಕೆಗೆ ಬಂದದ್ದಕ್ಕೆ ಒಂದು ಹಿನ್ನೆಲೆಯಿದೆ. ರಾಜಾ ರವಿವರ್ಮನು (1848–1906) 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ಪೌರಾಣಿಕ ಚಿತ್ರಗಳನ್ನು ಮನೆಮನೆಗೆ ತಲುಪಿಸಿದನು. ಆನಂದ ಕುಮಾರಸ್ವಾಮಿಯವರಂಥ ವಿದ್ವಾಂಸರು ಅವನ ಚಿತ್ರಗಳಲ್ಲಿ ನಾಟಕೀಯತೆಯನ್ನೂ ಭಾವದ ಅಗ್ಗತನವನ್ನೂ ಕಂಡರು. ಅವನೀಂದ್ರನಾಥ ಠಾಕೂರರ ಶಿಷ್ಯವರ್ಗ ಬೇರೊಂದು ಮಾರ್ಗವನ್ನು ಹಿಡಿಯಿತು, ನಮ್ಮ ಕೆ. ವೆಂಕಟಪ್ಪನವರು (1886–1965) ಅದೇ ವರ್ಗದವರು. ವೆಂಕಟಪ್ಪನವರ ಏಕಾಂತವ್ರತದ ಬಾಳನ್ನು ವರ್ಣಿಸುವಾಗ ನಮ್ಮ ಬರಹಗಾರರ ಭಾಷೆ ಸಂತಚರಿತ್ರೆಯ ಭಾಷೆಯಾಗಿಬಿಡುತ್ತದೆ. ಹೀಗೆ ಚಿತ್ರಕಲೆಯನ್ನು ತಪಸ್ಸೆಂದು ತಿಳಿದವರ ಕಣ್ಣಿಗೆ ಅಂಗಡಿಯ ಹೆಸರನ್ನು ಹೊತ್ತುಬರುವ ಚಿತ್ರ ಅಪವಿತ್ರವಾಗಿ ಕಂಡದ್ದು ಆಶ್ಚರ್ಯವಲ್ಲ. ಆದರೆ ಮಾರಾಟದ ಬಗೆಯನ್ನು ನೋಡಿ ಚಿತ್ರದ ಗುಣವನ್ನು ತೀರ್ಮಾನಿಸುವುದು ವಿಮರ್ಶೆಯ ಮಾರ್ಗವಾಗದು. ಹಾಗಾದರೆ ದೇವಾಲಯದ ಶಿಲ್ಪಿಯೂ ಕೂಲಿಗಾಗಿ ದುಡಿದವನೇ.

ರವಿವರ್ಮನ ಮುದ್ರಣಾಲಯದಿಂದ ಮೊದಲು ಹೊರಬಂದ ಚಿತ್ರವೆಂದು ಪ್ರಸಿದ್ಧವಾದ 'ಶಕುಂತಲೆಯ ಜನನ'ವನ್ನು ಇಲ್ಲಿ ನೆನೆಯಬಹುದು. ಮೇನಕೆ ಮಗುವನ್ನು ಮುಂದೆ ಹಿಡಿದಿದ್ದಾಳೆ. ವಿಶ್ವಾಮಿತ್ರನು ಮುಖ ತಿರುಗಿಸಿ ಕೈಯೆತ್ತಿ ನಿರಾಕರಿಸುತ್ತಾನೆ. ರಂಗದ ಮೇಲೆ ನಟರು ಒಂದು ಕ್ಷಣ ಸ್ತಬ್ಧರಾಗಿ ನಿಂತಂತೆ ಇದೆ. ನೋಡುವವನು ಎದುರಿನ ಕುರ್ಚಿಯಲ್ಲಿ ಕುಳಿತ ಪ್ರೇಕ್ಷಕ. ಪಂಡಿತರು ಈ ಪ್ರೇಕ್ಷಕನನ್ನು ಕುರ್ಚಿಯಿಂದ ಎಬ್ಬಿಸಿದರು. ಅವರ ಚಿತ್ರಗಳಲ್ಲಿ ಆಕೃತಿಗಳು ಮುಂದಕ್ಕೆ ಬಂದು ಚೌಕಟ್ಟನ್ನು ತುಂಬುತ್ತವೆ, ರಚನೆ ಓರೆಯಾಗಿ ಸಾಗುತ್ತದೆ, ಸ್ನಾಯುಗಳು ಕ್ರಿಯೆಯ ನಡುವಿನಲ್ಲಿ ಬಿಗಿದಿರುತ್ತವೆ. ರವಿವರ್ಮನಿಗೆ ನಾಟಕಶಾಲೆ ಆದದ್ದು ಪಂಡಿತರಿಗೆ ಸಿನಿಮಾ ಆಯಿತು. ದೇವತೆಗಳನ್ನು ಸಮೀಪದಿಂದ, ಕೊಂಚ ಕೆಳಗಿನಿಂದ ಕಾಣುವ ಈ ದೃಷ್ಟಿ ನಮ್ಮ ಜನರ ಕಲ್ಪನೆಯಲ್ಲಿ ಎಷ್ಟು ಬೇರೂರಿದೆಯೆಂದರೆ, ಇಂದು ಭೀಷ್ಮನೆಂದರೆ, ಅರ್ಜುನನೆಂದರೆ ಕಣ್ಣಿಗೆ ಕಟ್ಟುವ ದೇಹದಲ್ಲಿ ಅರ್ಧ ಪಾಲಾದರೂ ಪಂಡಿತರ ಪೀಳಿಗೆಯ ಕ್ಯಾಲೆಂಡರು ಚಿತ್ರಕಾರರದು. ಒಬ್ಬ ಕಲಾವಿದನ ಪ್ರಭಾವವನ್ನು ಅಳೆಯುವಾಗ ಅವನ ತರುವಾಯದ ಕಲಾವಿದರನ್ನು ಮಾತ್ರ ಲೆಕ್ಕಿಸುವ ರೂಢಿ ಸಾಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮರೆಮಾಚಿದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಪಂಡಿತರ ಸ್ತ್ರೀಮುಖಗಳು ಬಹುಪಾಲು ಒಂದೇ ಅಚ್ಚಿನವು. ದಮಯಂತಿಗೂ ರಾಧೆಗೂ ವ್ಯತ್ಯಾಸ ಉಡುಪಿನಲ್ಲಿ ಮಾತ್ರ. ಆ ಮುಖ ಪುರಾಣದಿಂದ ಬಂದದ್ದಲ್ಲ, ಪತ್ರಿಕೆಯ ಹೊದಿಕೆಯಿಂದ ಬಂದದ್ದು. ಮೈಬಣ್ಣದ ವಿಷಯದಲ್ಲಿ ಅವರ ಚಿತ್ರಗಳು ಮಾರುಕಟ್ಟೆಯ ರುಚಿಗೆ ತಲೆಬಾಗಿವೆ. ಕಲಬುರಗಿಯ ಬಿಸಿಲಿನಲ್ಲಿ ಹುಟ್ಟಿ ಬೆಳೆದವರು ಇಲ್ಲಿಯ ಹೊಲಗಳಲ್ಲಿ ಕಾಣುವ ಒಂದು ಮುಖವನ್ನಾದರೂ ದೇವಲೋಕಕ್ಕೆ ಏರಿಸಬಹುದಾಗಿತ್ತು. ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ. ಕ್ರಿಯೆಯ ಕ್ಷಣವನ್ನು ಹಿಡಿಯುವುದರಲ್ಲಿ ಇಷ್ಟು ಸಮರ್ಥವಾದ ಈ ಶೈಲಿ ಸಂಶಯದ ಕ್ಷಣವನ್ನು, ಪಶ್ಚಾತ್ತಾಪವನ್ನು, ಮೌನವನ್ನು ಹಿಡಿಯಲಾರದು. ಎಲ್ಲ ಕಡೆಯೂ ಒಂದೇ ಬೆಳಕು ಬಿದ್ದಾಗ ಕತ್ತಲೆಗೆ ಕೆಲಸವಿಲ್ಲದಾಗುತ್ತದೆ. ಅಚ್ಚಿನ ಯಂತ್ರ ನುಂಗುತ್ತಿದ್ದ ಆ ನಸುಛಾಯೆಗಳಲ್ಲಿಯೇ ಮನುಷ್ಯನ ಒಳಗು ಇರುವುದೆಂದು ನಾವು ನಂಬಿದ್ದೇವೆ. ಯಂತ್ರದೊಡನೆ ಪಂಡಿತರು ಮಾಡಿಕೊಂಡ ಒಪ್ಪಂದದಿಂದ ಅವರಿಗೆ ಒಂದು ದೇಶದಷ್ಟು ಪ್ರೇಕ್ಷಕರು ದೊರೆತರು. ಕೊಟ್ಟ ಬೆಲೆಯೂ ಸಣ್ಣದಲ್ಲ.

ಪಂಡಿತರನ್ನು ಹೊಗಳುವವರ ರೀತಿಯೂ ನಮಗೆ ಸಮ್ಮತವಲ್ಲ. ಅವರನ್ನು 'ಎರಡನೆಯ ರವಿವರ್ಮ' ಎಂದು ಕರೆಯುವುದರಿಂದ ಅವರು ಮಾಡಿದ ಹೊಸತೇ ಮರೆಯಾಗುತ್ತದೆ. 1978ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರದರ್ಶನವನ್ನು ಅವರ ಬಾಳಿನ ಶಿಖರವೆಂದು ಬರೆಯುವವರು, ತಾವು ಖಂಡಿಸುವ ಗ್ಯಾಲರಿಯ ಅಳತೆಗೋಲನ್ನೇ ತಾವೂ ಹಿಡಿಯುತ್ತಾರೆ. ಅವರು ಮುಂಬಯಿಯಿಂದ ಕಲಬುರಗಿಗೆ ಹಿಂದಿರುಗಿ ನೆಲೆಸಿದರೆಂಬುದನ್ನು ಊರಿನ ಅಭಿಮಾನಕ್ಕಾಗಿ ನೆನೆಯುತ್ತೇವೆ. ನಗರದ ರಂಗಮಂದಿರಕ್ಕೆ ಅವರ ಹೆಸರಿದೆ. ನಮ್ಮ ವಿದ್ಯಾರ್ಥಿಗಳನ್ನು 'ಪಂಡಿತ ರಂಗಮಂದಿರ' ಎಲ್ಲಿದೆಯೆಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ದಾರಿ ತೋರಿಸುತ್ತಾರೆ. ಪಂಡಿತರೆಂದರೆ ಯಾರೆಂದು ಕೇಳಿದರೆ ಯಾರೋ ಸಂಸ್ಕೃತ ವಿದ್ವಾಂಸರಿರಬೇಕೆಂದು ಉತ್ತರ ಬಂದದ್ದುಂಟು.

ಆದುದರಿಂದ ಮೊದಲು ಆಗಬೇಕಾದ ಕೆಲಸ ಆಧಾರಗಳ ಸಂಗ್ರಹ. ತೈಲವರ್ಣದ ಮೂಲಚಿತ್ರಗಳನ್ನು ರಕ್ಷಿಸುವವರು ಇದ್ದಾರೆ, ಇರುತ್ತಾರೆ. ಅವಕ್ಕೆ ಬೆಲೆ ಬಂದಿದೆ. ಹಾಳೆಗಳಿಗೆ ಯಾರೂ ಇಲ್ಲ. ಅಡತಿ ಅಂಗಡಿಗಳ ಹಳೆಯ ಖರ್ಚಿನ ವಹಿಗಳಲ್ಲಿ ಕ್ಯಾಲೆಂಡರಿಗೆ ಕೊಟ್ಟ ಹಣ ಬರೆದಿರಬೇಕು. ಹೆಸರನ್ನು ಅಚ್ಚು ಹಾಕಿದ ಊರಿನ ಮುದ್ರಣಾಲಯಗಳಲ್ಲಿ ಮಾದರಿಯ ಹಾಳೆಗಳು ಉಳಿದಿರಬಹುದು. ಚಿತ್ರಕ್ಕೆ ಕಟ್ಟು ಹಾಕುವ ಅಂಗಡಿಯವರು ಯಾವ ದೇವರಿಗೆ ಯಾವ ಕಾಲದಲ್ಲಿ ಹೆಚ್ಚು ಕಟ್ಟು ಹಾಕಿದರೆಂಬುದನ್ನು ಬಾಯಿಮಾತಿನಲ್ಲಿ ಹೇಳಬಲ್ಲರು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳು ತಂತಮ್ಮ ಮನೆಯ ಗೋಡೆಗಳಿಂದಲೇ ಆರಂಭಿಸಬಹುದು. ಚಿತ್ರದ ಅಳತೆ, ವಿಷಯ, ರುಜು, ಅಂಗಡಿಯ ಹೆಸರು, ವರ್ಷ, ಯಾರು ತಂದರು, ಎಲ್ಲಿ ಕಟ್ಟು ಹಾಕಿಸಿದರು ಎಂಬ ಏಳು ಕಲಮುಗಳ ಒಂದು ಪಟ್ಟಿಯನ್ನು ಈ ವರ್ಷದಿಂದ ಅವರ ಕೈಗೆ ಕೊಡುತ್ತಿದ್ದೇವೆ. ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಗೋಡೆಯ ಪಟಗಳೆಲ್ಲ ಕೆಳಗಿಳಿಯುತ್ತವೆ. ಬರೆದುಕೊಳ್ಳಲು ತಕ್ಕ ಸಮಯ ಅದೇ.

ಅಂದೋಲಾದ ಗಂಗಾವತರಣದ ಮುಂದೆ ಈ ಪಟ್ಟಿಯ ಮೂರು ಕಲಮುಗಳು ಖಾಲಿಯಿವೆ. ಗಾಜು ಒಡೆದು ಕಟ್ಟು ಬದಲಿಸುವ ಪ್ರಸಂಗ ಬಂದರೆ ಹೇಳಿಕಳಿಸುವುದಾಗಿ ಆ ಮನೆಯವರು ಒಪ್ಪಿಕೊಂಡಿದ್ದಾರೆ.